ಅನ್ನದ ಪಕ್ಕದಲ್ಲಿ ಏನಿದೆ?

2021ರ ಡಿಸೆಂಬರ್‌ನಲ್ಲಿ ಗಂಗಾವತಿಯ ಶಾಲಾ ಬಾಲಕಿಯೊಬ್ಬಳ ವಿಡಿಯೊ ರಾಜ್ಯದ ಮೊಬೈಲುಗಳಲ್ಲೆಲ್ಲ ಓಡಾಡಿತು. ಶಾಲೆಯಲ್ಲಿ ಮೊಟ್ಟೆ ಕೊಡಕೂಡದೆಂದು ಕೆಲವು ಮಠಾಧೀಶರು ಪಟ್ಟು ಹಿಡಿದಿದ್ದ ದಿನಗಳವು. ನಮಗೆ ತತ್ತಿ ಬೇಕು, ಬೇಡವೆಂದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಆ ಹುಡುಗಿ ಕ್ಯಾಮೆರಾದ ಮುಂದೆ ಗುಡುಗಿದ್ದಳು. ಕೆಲವರು ಅವಳನ್ನು ಹೊಗಳಿದರು, ಕೆಲವರು ಬೈದರು, ಟಿವಿಗಳು ಒಂದು ವಾರ ಚರ್ಚೆ ನಡೆಸಿದವು.

ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಪ್ರಾಯೋಗಿಕವಾಗಿ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ಎದ್ದ ಗದ್ದಲವದು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಪಂಕ್ತಿಭೇದವಾಗುತ್ತದೆ ಎಂದರು, ಸಂಸ್ಕೃತಿ ಕೆಡುತ್ತದೆ ಎಂದರು, ಕಾಳು ಕೊಟ್ಟರೆ ಸಾಲದೇ ಎಂದೂ ಕೇಳಿದರು. ಆದರೆ ಅಲ್ಲಿಯವರೆಗೆ ಆ ಮಕ್ಕಳ ತಟ್ಟೆಯಲ್ಲಿ ಏನಿತ್ತು, ಅದರಿಂದ ಮೈಗೆ ಎಷ್ಟು ಹತ್ತುತ್ತಿತ್ತು ಎಂದು ಕೇಳಿದವರು ಕಡಿಮೆ.

ಆ ಲೆಕ್ಕವೇನೂ ಕಷ್ಟದ್ದಲ್ಲ. ಒಂದರಿಂದ ಐದನೇ ತರಗತಿಯ ಮಗುವಿಗೆ ಬಿಸಿಯೂಟದ ನಿಯಮ ಗೊತ್ತುಮಾಡಿರುವುದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇಷ್ಟರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. 100 ಗ್ರಾಂ ಪಾಲಿಶ್ ಅಕ್ಕಿಯೊಂದರಲ್ಲೇ ಸುಮಾರು 350 ಕ್ಯಾಲೊರಿ, 8 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. 20 ಗ್ರಾಂ ತೊಗರಿಬೇಳೆ ಇನ್ನೊಂದು ನಾಲ್ಕು ಗ್ರಾಂ ಸೇರಿಸುತ್ತದೆ. ಅಲ್ಲಿಗೆ ಕಾಗದದ ಮೇಲಿನ ಲೆಕ್ಕ ಚುಕ್ತಾ. ಅಂದರೆ ಶಾಲೆಯ ಊಟದಲ್ಲಿ ಪ್ರೋಟೀನ್ ಎಂದು ಎಣಿಸುವುದರ ಮೂರನೇ ಎರಡು ಪಾಲು ಅನ್ನದಿಂದಲೇ ಬರುತ್ತದೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಆ ಕೊರತೆಯನ್ನು ಬೇಳೆ ತುಂಬುತ್ತದೆ. ಅನ್ನಕ್ಕೆ ಸಾರು ಕಲಸಿ ಉಣ್ಣುವ ನಮ್ಮ ರೂಢಿಯ ಹಿಂದಿನ ಜಾಣತನವೂ ಇದೇ. ಆದರೆ ಬೇಳೆ ಗಟ್ಟಿಯಾಗಿದ್ದರೆ ಮಾತ್ರ. ಸಾರು ತೆಳ್ಳಗಾದಷ್ಟೂ ಪುಸ್ತಕದ 12 ಗ್ರಾಂ ಪುಸ್ತಕದಲ್ಲೇ ಉಳಿಯುತ್ತದೆ. ಆರರಿಂದ ಎಂಟನೇ ತರಗತಿಗೆ ನಿಯಮ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, ಗುರಿ 20 ಗ್ರಾಂ ಪ್ರೋಟೀನ್. ಅಲ್ಲಂತೂ ಅನ್ನ ಬೇಳೆಯನ್ನು ಎಷ್ಟು ಕೂಡಿದರೂ ಗುರಿ ಮುಟ್ಟಲು ಏದುಸಿರು ಬಿಡಬೇಕು.

ಇನ್ನು ಕ್ಯಾಲೊರಿ, ಪ್ರೋಟೀನ್ ಎಂಬ ಈ ಎರಡು ಸಂಖ್ಯೆಗಳಲ್ಲಿ ಕಾಣದೇ ಹೋಗುವುದು ಹಲವಿವೆ: ಕಬ್ಬಿಣ, ಕ್ಯಾಲ್ಸಿಯಂ, ಸತು, ವಿಟಮಿನ್ ಎ, ವಿಟಮಿನ್ ಬಿ12. ಇವುಗಳಲ್ಲಿ ಬಿ12 ಸಹಜವಾಗಿ ದೊರೆಯುವುದು ಹಾಲು, ಮೊಟ್ಟೆ, ಮೀನು, ಮಾಂಸದಂಥ ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಅನ್ನ ಸಾರಿನಲ್ಲಿ ಅದು ಸೊನ್ನೆ. 2013ರಲ್ಲಿ ಬಂದ ಆಹಾರ ಭದ್ರತಾ ಕಾಯ್ದೆ ಶಾಲಾ ಊಟಕ್ಕೆ ಕಟ್ಟಿಕೊಟ್ಟಿದ್ದು ಕ್ಯಾಲೊರಿ ಮತ್ತು ಪ್ರೋಟೀನಿನ ಎರಡೇ ಅಂಕಿ. ಅವೆರಡು ಸರಿಯಾಗಿದ್ದರೆ ಊಟ ಸರಿಯೆಂದೇ ಅರ್ಥ.

ಅನ್ನವನ್ನೇ ನೆಚ್ಚಿದ ಊಟ ಬೆಳೆಯುವ ಮಕ್ಕಳಿಗೆ ಸಾಲದು ಎನ್ನುವುದು ಹೊಸ ಶೋಧನೆಯೂ ಅಲ್ಲ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ 1920ರ ದಶಕದಲ್ಲಿ ಭಾರತದ ಬೇರೆಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದ್ದ. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಯ ಪಂಜಾಬಿ ಊಟ ತಿಂದ ಇಲಿಗಳು ಪುಷ್ಟಿಯಾಗಿ ಬೆಳೆದವು. ಬಿಳಿ ಅನ್ನದ ಮದ್ರಾಸು ಊಟದ ಇಲಿಗಳು ಸೊರಗಿದವು. ಅವನ ನಂತರ ಬಂದ ವಾಲೆಸ್ ಆಯ್ಕ್ರಾಯ್ಡ್ ಮಕ್ಕಳ ಊಟದತ್ತ ತಿರುಗಿದ. ಅನ್ನದ ಊಟಕ್ಕೆ ಕೆನೆ ತೆಗೆದ ಹಾಲಿನ ಪುಡಿ ಸೇರಿಸಿದರೆ ಮಕ್ಕಳ ತೂಕ, ಎತ್ತರ ಎರಡೂ ಏರುತ್ತವೆ ಎಂದು 1937ರ ಹೊತ್ತಿಗೇ ಅವನ ತಂಡ ಬರೆದಿಟ್ಟಿತ್ತು. ಕೂನೂರಿನ ಆ ಪ್ರಯೋಗಾಲಯವೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಮೈಸೂರಿನ ಸಿಎಫ್‌ಟಿಆರ್‌ಐ ಕೂಡ 1950ರ ದಶಕದಲ್ಲೇ ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಅಗ್ಗದ ಪ್ರೋಟೀನ್ ಪುಡಿ ಮಾಡಿತ್ತು. ತಿಳಿವಳಿಕೆಗೆ ಯಾವತ್ತೂ ಬರ ಇರಲಿಲ್ಲ.

ಹಾಗಾದರೆ ತಟ್ಟೆಯಲ್ಲಿ ಅನ್ನವೇ ಏಕೆ ತುಂಬಿತು? ಉಗ್ರಾಣದಲ್ಲಿ ಅದು ತುಂಬಿತ್ತು, ಅದಕ್ಕೆ.

ಐವತ್ತು ದಾಟಿದ ಕನ್ನಡಿಗರಲ್ಲಿ ಅನೇಕರಿಗೆ ಶಾಲೆಯ ಉಪ್ಪಿಟ್ಟಿನ ನೆನಪಿದೆ. ‘ಕೇರ್’ ಸಂಸ್ಥೆಯ ಮೂಲಕ ಬರುತ್ತಿದ್ದ ಅಮೆರಿಕದ ಗೋಧಿ ನುಚ್ಚು, ಮೆಕ್ಕೆಜೋಳದ ಹಿಟ್ಟು, ಹಾಲಿನ ಪುಡಿ ಅಲ್ಲಿನ ರೈತರ ಹೆಚ್ಚುವರಿ ಬೆಳೆ. ಆಮೇಲೆ ನಮ್ಮದೇ ದಾಸ್ತಾನು ಹೆಚ್ಚಿತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಶಾಲಾ ಪೋಷಣೆಯ ಯೋಜನೆ ಆರಂಭಿಸಿದಾಗ ಹೆಚ್ಚಿನ ರಾಜ್ಯಗಳು ಅಡುಗೆಯ ಗೋಜಿಗೇ ಹೋಗಲಿಲ್ಲ, ತಿಂಗಳಿಗೆ ಮಗುವಿಗೆ ಮೂರು ಕಿಲೋ ಧಾನ್ಯ ಅಳೆದು ಕೊಟ್ಟು ಕೈತೊಳೆದುಕೊಂಡವು. 2001ರಲ್ಲಿ ಎಫ್‌ಸಿಐ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗಲೇ ರಾಜಸ್ಥಾನದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾರೆ ಎಂದು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಆ ವರ್ಷದ ನವೆಂಬರ್ 28ರಂದು ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಬಡಿಸಬೇಕು ಎಂದಿತು. ಕರ್ನಾಟಕದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದೆಡೆಗೆ ಹಬ್ಬಿತು.

ಉಗ್ರಾಣದ ಅಕ್ಕಿಯೆಂದು ಮೂಗು ಮುರಿಯುವಂತೆಯೂ ಇಲ್ಲ. ಅದು ಮಾಡಿದ ಕೆಲಸ ದೊಡ್ಡದು. ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಾಲ್ಯದಲ್ಲಿ ಶಾಲೆಯ ಊಟ ಉಂಡ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ಹೇಗಿದೆ ಎಂದು ನೋಡಿತು. 2006ರಿಂದ 2016ರ ನಡುವೆ ಭಾರತದ ಮಕ್ಕಳ ಎತ್ತರದಲ್ಲಿ ಕಂಡ ಸುಧಾರಣೆಯಲ್ಲಿ ಶೇ 13ರಿಂದ 32ರಷ್ಟು ಪಾಲು ಈ ಊಟದ ವಿಸ್ತರಣೆಗೆ ಸಲ್ಲಬಹುದು ಎಂಬುದು ಅದರ ಅಂದಾಜು. ತಾಯಿ ಉಂಡದ್ದು ಮಗುವಿನ ಮೂಳೆಯಲ್ಲಿ ಕಾಣುತ್ತದೆ. ಬಿಸಿಯೂಟವನ್ನು ಹಾಜರಾತಿಯ ಆಮಿಷವೆಂದಷ್ಟೇ ನೋಡುವವರು ಗಮನಿಸಬೇಕಾದ ಸಂಗತಿಯಿದು.

ಅನ್ನದ ನಂತರ ಕರ್ನಾಟಕದ ಶಾಲೆಗೆ ಬಂದದ್ದು ಹಾಲು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿಲೀಟರ್ ಹಾಲು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಮಕ್ಕಳಿಗೆ ಒಳ್ಳೆಯದೇ ಆಯಿತು. ಆಗ ಕೆಎಂಎಫ್‌ಗೆ ಹರಿದು ಬರುತ್ತಿದ್ದ ಹೆಚ್ಚುವರಿ ಹಾಲಿಗೂ ಒಂದು ದಾರಿಯಾಯಿತು. ಹಾಲಿಗೆ ರೈತರ ಒಕ್ಕೂಟದ ಬಲವಿತ್ತು, ಅಕ್ಕಿಗೆ ಎಫ್‌ಸಿಐ ಗೋದಾಮಿತ್ತು. ಹೀಗೆ ಹಿಂದೆ ನಿಂತವರಿದ್ದ ಪದಾರ್ಥಗಳು ತಟ್ಟೆಗೆ ಬೇಗ ಬಂದವು. ಮೊಟ್ಟೆಗೆ ಸರ್ಕಾರದೊಳಗೆ ಅಂಥ ದಾಸ್ತಾನಿನ ಒತ್ತಡ ಇರಲಿಲ್ಲ, ಮೇಲಾಗಿ ಎದುರು ನಿಂತವರು ಪ್ರಭಾವಿಗಳು. ಪಕ್ಕದ ತಮಿಳುನಾಡಿನ ಶಾಲೆಗಳಲ್ಲಿ ಮೊಟ್ಟೆ ಮಾಮೂಲಾಗಿ ಎಷ್ಟೋ ವರ್ಷಗಳಾದ ಮೇಲೆ ಇಲ್ಲಿ ಪ್ರಯೋಗ ಶುರುವಾದದ್ದು ಹಾಗಾಗಿ.

ಕೊನೆಗೂ ಬಂತು. ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳ ತೂಕವನ್ನು, ಕೊಡದ ಗದಗದ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನ ಯೋಜನೆಯ ಪರವಾಗಿ ನಿಂತಿತು. 2022-23ರಲ್ಲಿ ಎಲ್ಲ ಜಿಲ್ಲೆಗಳಿಗೂ ವಿಸ್ತರಣೆ, 2023ರ ಆಗಸ್ಟ್‌ನಲ್ಲಿ ವಾರಕ್ಕೆ ಎರಡು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡುವ ಒಪ್ಪಂದ ಮಾಡಿಕೊಂಡಿತು. ಎರಡು ದಿನದ ಮೊಟ್ಟೆ ಸರ್ಕಾರದ್ದು, ನಾಲ್ಕು ದಿನದ್ದು ಫೌಂಡೇಷನ್ನಿನದು. ಆ ವರ್ಷದ ಸೆಪ್ಟೆಂಬರ್ 25ರಂದು ಯಾದಗಿರಿಯಲ್ಲೇ ಇದಕ್ಕೆ ಚಾಲನೆ ಸಿಕ್ಕಿತು.

ಒಂದು ಮೊಟ್ಟೆಯಲ್ಲಿ ಆರು ಗ್ರಾಂನಷ್ಟು ಪ್ರೋಟೀನ್ ಇದೆ, ದೇಹ ಅದನ್ನು ಬಹುಪಾಲು ಪೂರ್ತಿಯಾಗಿ ಬಳಸಿಕೊಳ್ಳುತ್ತದೆ. ಜೊತೆಗೆ ಬಿ12, ವಿಟಮಿನ್ ಎ, ವಿಟಮಿನ್ ಡಿ, ಕೋಲೀನ್. ಬಾಳೆಹಣ್ಣು ಒಳ್ಳೆಯ ಹಣ್ಣೇ, ಆದರೆ ಅದರಲ್ಲಿರುವುದು ಒಂದು ಗ್ರಾಂ ಆಸುಪಾಸಿನ ಪ್ರೋಟೀನ್. ಕ್ಯಾಲೊರಿಯಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಅಷ್ಟರಿಂದಲೇ ಒಂದರ ಬದಲು ಇನ್ನೊಂದು ಎಂದುಬಿಡುವುದು ಸರಿಯಲ್ಲ. ಮೊಟ್ಟೆಯ ಬದಲಿಗೆ ಕೊಡುತ್ತಿದ್ದ ಕಡಲೆಬೀಜದ ಚಿಕ್ಕಿ ಈ ವಿಷಯದಲ್ಲಿ ಬಾಳೆಹಣ್ಣಿಗಿಂತ ಎಷ್ಟೋ ವಾಸಿಯಿತ್ತು. 2025ರಲ್ಲಿ ಕೊಬ್ಬು, ಸಕ್ಕರೆ ಹೆಚ್ಚೆಂಬ ಕಾರಣ ಕೊಟ್ಟು ಅದನ್ನು ಪಟ್ಟಿಯಿಂದ ತೆಗೆದರು. ಸಕ್ಕರೆಯ ಆಕ್ಷೇಪವನ್ನು ಒಪ್ಪಬಹುದು. ಕಡಲೆಬೀಜದ ಕೊಬ್ಬಿಗೆ ಹೆದರುವ ಸ್ಥಿತಿಯಲ್ಲಿ ಯಾದಗಿರಿಯ ಸಣಕಲು ಮಕ್ಕಳು ಖಂಡಿತ ಇಲ್ಲ. ಮೊಟ್ಟೆ ತಿನ್ನದ ಮನೆಯ ಮಗುವಿಗೆ ಹುರಿಗಡಲೆಯೋ ಮೊಳಕೆ ಕಟ್ಟಿದ ಹೆಸರುಕಾಳಿನ ಉಸಲಿಯೋ ಬಾಳೆಹಣ್ಣಿಗಿಂತ ಹೆಚ್ಚು ಸೂಕ್ತವಾದ ಬದಲಿ.

ಒಂದು ಮೊಟ್ಟೆಗೆ ನಿಗದಿಯಾದ ಹಣ ಆರು ರೂಪಾಯಿ. ಬೇಯಿಸುವ ಇಂಧನಕ್ಕೆಂದು 50 ಪೈಸೆ, ಸಿಪ್ಪೆ ಸುಲಿಯುವ ಕೂಲಿಗೆಂದು 30 ಪೈಸೆ ಅದರೊಳಗೇ ಸೇರಿವೆ. ಪೇಟೆಯಲ್ಲಿ ಮೊಟ್ಟೆಯ ದರ ಏರಿದಾಗ, ಸಾಗಿಸುವಾಗ ಒಂದಿಷ್ಟು ಒಡೆದಾಗ, ವ್ಯತ್ಯಾಸ ಬೀಳುವುದು ಮುಖ್ಯ ಶಿಕ್ಷಕರ ಜೇಬಿಗೆ. ದಿನ ಬೆಳಗಾದರೆ ಮೊಟ್ಟೆ, ಗ್ಯಾಸು, ತರಕಾರಿ, ಹಾಜರಾತಿ ಎಂದು ಮೊಬೈಲಿನಲ್ಲಿ ಲೆಕ್ಕ ತುಂಬುವ ಮೇಷ್ಟರು ಪಾಠ ಯಾವಾಗ ಮಾಡಬೇಕು ಎಂದು ಕೇಳುವುದರಲ್ಲಿ ತಪ್ಪೇನಿದೆ?

ಉಳಿದ ಊಟದ ಹಣದ ಕಥೆಯೂ ಇದೇ. 2025ರ ಮೇ ತಿಂಗಳಿಂದ ಕೇಂದ್ರ ಗೊತ್ತುಮಾಡಿರುವ ಸಾಮಗ್ರಿ ವೆಚ್ಚ ಕಿರಿಯ ಪ್ರಾಥಮಿಕಕ್ಕೆ ಮಗುವಿಗೆ ದಿನಕ್ಕೆ 6.78 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10.17 ರೂಪಾಯಿ. ಇದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಅಕ್ಕಿ ಪ್ರತ್ಯೇಕವಾಗಿ ಬರುತ್ತದೆ, ನಿಜ. ಆದರೆ ಬೇಳೆ, ಎಣ್ಣೆ, ತರಕಾರಿ, ಉಪ್ಪು, ಖಾರ, ಉರುವಲು ಎಲ್ಲವೂ ಈ ಹಣದಲ್ಲೇ ಆಗಬೇಕು. ಟೊಮೆಟೊ ಕಿಲೋಗೆ ನೂರು ರೂಪಾಯಿ ಮುಟ್ಟಿದ ವಾರ ಯಾವ ಅಡುಗೆಮನೆಯಾದರೂ ಏನು ಮಾಡೀತು? ಬೇಳೆ ಕಡಿಮೆ ಹಾಕಿದರೆ ಸಾರಿನ ಬಣ್ಣವೇ ಹೇಳಿಬಿಡುತ್ತದೆ. ತರಕಾರಿ ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಕರಗುವುದು ಆ 50 ಗ್ರಾಂ ತರಕಾರಿ. ಅದರಲ್ಲೂ ಸೊಪ್ಪು. ಸೋಸಿ, ತೊಳೆದು, ಹೆಚ್ಚುವ ಕೆಲಸ ಬಹಳ, ಬೆಂದ ಮೇಲೆ ಕಾಣುವುದು ಹಿಡಿಯಷ್ಟು.

ಆ ಕೆಲಸ ಮಾಡುವವರು ಯಾರು? ಹಳ್ಳಿಯ ಬಡ ಹೆಂಗಸರು, ಹಲವರು ವಿಧವೆಯರು. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ 2009ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ, ಅದೂ ವರ್ಷಕ್ಕೆ ಹತ್ತು ತಿಂಗಳಿಗೆ. ರಾಜ್ಯ ಅದಕ್ಕೆ ತನ್ನ ಕೈಯಿಂದ ಒಂದಿಷ್ಟು ಸೇರಿಸುತ್ತ ಬಂದಿದೆ. ಕನಿಷ್ಠ ಕೂಲಿಯ ಹತ್ತಿರಕ್ಕೂ ಅದು ಬಂದಿಲ್ಲ, ಬೆಂಗಳೂರಿನ ಫ್ರೀಡಂ ಪಾರ್ಕಿನ ಧರಣಿಗಳು ನಿಂತೂ ಇಲ್ಲ. ಪೋಷಣೆಯ ತಜ್ಞರು ಮೆನುವಿಗೆ ಹೊಸದೇನನ್ನು ಸೇರಿಸಿದರೂ ಅದರ ಭಾರ ಹೋಗಿ ಇವರ ಕೈಗಳ ಮೇಲೆ ಬೀಳುತ್ತದೆ.

ಕಲಬುರಗಿಯ ಮಗು ಮನೆಯಲ್ಲಿ ಜೋಳದ ರೊಟ್ಟಿ ತಿಂದು ಬೆಳೆದರೂ ಶಾಲೆಯಲ್ಲಿ ಅನ್ನ ಉಣ್ಣುವುದಕ್ಕೆ ಈ ಕೈಗಳ ಲೆಕ್ಕವೂ ಒಂದು ಕಾರಣ. ಇನ್ನೂರು ಮಕ್ಕಳಿಗೆ ಮೂವರು ಅಡುಗೆಯವರು ರೊಟ್ಟಿ ಬಡಿಯುತ್ತ ಕೂತರೆ ಊಟದ ಬೆಲ್ಲು ಸಂಜೆ ಹೊಡೆಯಬೇಕಾದೀತು. ಮುದ್ದೆ ಕಟ್ಟುವುದೂ ಸಲೀಸಲ್ಲ. ರಾಗಿ ಶಾಲೆಗೆ ಬಂದದ್ದು ಬೇರೆ ರೂಪದಲ್ಲಿ, 2024ರ ಫೆಬ್ರುವರಿಯಲ್ಲಿ, ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ನೆರವಿನಿಂದ ವಾರಕ್ಕೆ ಮೂರು ದಿನ ಹಾಲಿನಲ್ಲಿ ಬೆರೆಸುವ ಮಾಲ್ಟ್ ಪುಡಿಯಾಗಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಮೇಲ್ಪಟ್ಟು ಕ್ಯಾಲ್ಸಿಯಂ ಇದೆ, ಅಕ್ಕಿಯದು ಅದರ ಹತ್ತಿರವೂ ಸುಳಿಯದು. ಆದರೆ ಮಾಲ್ಟಿನಲ್ಲಿ ಮಗುವಿನ ಹೊಟ್ಟೆ ಸೇರುವ ರಾಗಿ ಚಮಚದ ಲೆಕ್ಕದ್ದು, ಮುದ್ದೆಯ ಲೆಕ್ಕದ್ದಲ್ಲ. ಸಿರಿಧಾನ್ಯವನ್ನು ಊಟವಾಗಿಯೇ ಕೊಟ್ಟ ಪ್ರಯೋಗವೂ ನಡೆದಿದೆ. ಬೆಂಗಳೂರಿನ ಹೊರವಲಯದ ಶಾಲೆಗಳಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಬಿಸಿಯೂಟ ಪೂರೈಸುವ ಅಕ್ಷಯಪಾತ್ರೆ ಸೇರಿ ಸುಮಾರು 1,500 ಮಕ್ಕಳಿಗೆ ಮೂರು ತಿಂಗಳು ರಾಗಿ ಇಡ್ಲಿ, ಸಾಮೆ ಮತ್ತು ಸಜ್ಜೆಯ ಬಿಸಿಬೇಳೆಬಾತ್, ಉಪ್ಪಿಟ್ಟು ಬಡಿಸಿದವು. ಮಕ್ಕಳ ಬೆಳವಣಿಗೆ ಅಕ್ಕಿಯ ಊಟದವರಿಗಿಂತ ಚೆನ್ನಾಗಿತ್ತು ಎಂದು 2019ರ ಅವರ ವರದಿ ಹೇಳಿತು. ಮೂರೇ ತಿಂಗಳಲ್ಲಿ ಎತ್ತರದ ಬಗ್ಗೆ ಮಾತಾಡುವುದು ಸ್ವಲ್ಪ ಅವಸರವೇ. ಮಕ್ಕಳು ಇಷ್ಟಪಟ್ಟು ತಿಂದರು ಎಂಬ ಭಾಗ ಮಾತ್ರ ಹೆಚ್ಚು ಭರವಸೆಯದು.

ತಿಂದರು ಎನ್ನುವುದು ಸಣ್ಣ ಮಾತಲ್ಲ. 2018-19ರಲ್ಲಿ ಅಕ್ಷಯಪಾತ್ರೆಯ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆಯ ಬಗ್ಗೆ ವಿವಾದವೆದ್ದಾಗ, ಪೋಷಕಾಂಶಗಳ ಲೆಕ್ಕದಲ್ಲಿ ಮೆನು ನಿಯಮಕ್ಕೆ ಸರಿಹೊಂದುತ್ತದೆ ಎಂದು ಹೈದರಾಬಾದಿನ ಪೋಷಣಾ ಸಂಸ್ಥೆ ಹೇಳಿತು. ಟೀಕಿಸಿದವರ ಪ್ರಶ್ನೆ ಬೇರೆಯಿತ್ತು: ಒಗ್ಗರಣೆಯಲ್ಲಿ ಬೆಳ್ಳುಳ್ಳಿಯ ಘಮವಿಲ್ಲದ ಸಾರನ್ನು ಮಗು ಎಷ್ಟು ಉಣ್ಣುತ್ತದೆ? ತಟ್ಟೆಯಲ್ಲಿ ಉಳಿದ ಪ್ರೋಟೀನ್ ಯಾರ ಮೈಗೂ ಸೇರುವುದಿಲ್ಲ.

ರಕ್ತಹೀನತೆಯ ವಿಷಯಕ್ಕೆ ಬಂದರೆ ಅನ್ನಕ್ಕೇ ಔಷಧಿ ಬೆರೆಸುವ ದಾರಿ ಹಿಡಿಯಲಾಗಿದೆ. 2016-18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ 24, ಹದಿಹರೆಯದವರಲ್ಲಿ ಶೇ 28 ಮಂದಿ ರಕ್ತಹೀನರು. ಈಚಿನ ವರ್ಷಗಳಲ್ಲಿ ಬಿಸಿಯೂಟಕ್ಕೆ ಬಂದದ್ದು ಸಾರವರ್ಧಿತ ಅಕ್ಕಿ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಚ್ಚುಹಾಕಿದ ಕಾಳನ್ನು ನೂರಕ್ಕೆ ಒಂದರಂತೆ ಬೆರೆಸುತ್ತಾರೆ. ಮೊದಮೊದಲು ಊರೂರಲ್ಲಿ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಗುಲ್ಲೆದ್ದು, ನೀರಿನಲ್ಲಿ ತೇಲಿದ ಕಾಳನ್ನು ಹೆಂಗಸರು ಆರಿಸಿ ಬಿಸಾಡಿದ್ದುಂಟು. ಬಿಸಾಡಿದ್ದು ಕಬ್ಬಿಣವನ್ನೇ. ಮೊದಲೇ ಬಿಡಿಸಿ ಹೇಳಿದ್ದರೆ ಹೀಗಾಗುತ್ತಿರಲಿಲ್ಲ. ಆದರೂ ಈ ಅಕ್ಕಿಯಿಂದ ಎಲ್ಲವೂ ಸರಿಹೋಗದು. ಒಂದು ಕಿಲೋದಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕೆಂಬುದು ನಿಯಮ. ಅಂದರೆ 150 ಗ್ರಾಂ ಅಕ್ಕಿಯಲ್ಲಿ ಹೆಚ್ಚೆಂದರೆ ಆರೇಳು ಮಿಲಿಗ್ರಾಂ. ಹತ್ತು ಹನ್ನೆರಡರ ಹುಡುಗಿಗೆ ಐಸಿಎಂಆರ್ ಹೇಳುವ ದಿನದ ಪ್ರಮಾಣ 28 ಮಿಲಿಗ್ರಾಂ. ಒಂದು ಹೋಳು ನಿಂಬೆಹಣ್ಣು ಹಿಂಡಿದರೆ ಕಾಳು, ಸೊಪ್ಪು, ಧಾನ್ಯದ ಕಬ್ಬಿಣವನ್ನು ಮೈ ಹೆಚ್ಚು ಹೀರಿಕೊಳ್ಳುತ್ತದೆ. ಊಟದ ಹಿಂದೆಮುಂದೆ ಚಹಾ ಕುಡಿದರೆ ಹೀರಿಕೆ ತಗ್ಗುತ್ತದೆ. ವಾರಕ್ಕೊಮ್ಮೆ ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ ಬಣ್ಣದ ಕಬ್ಬಿಣದ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ ಇರುವುದೂ ಇದೇ ಕೊರತೆಗೆ.

ಬೆಳಗ್ಗೆ ಚಹಾ ಬನ್ನು ತಿಂದೋ ಏನೂ ತಿನ್ನದೆಯೋ ಶಾಲೆಗೆ ಬಂದ ಮಗು ಮಧ್ಯಾಹ್ನದವರೆಗೆ ಕಾಯಬೇಕು. ತಮಿಳುನಾಡು 2022ರ ಸೆಪ್ಟೆಂಬರ್ 15ರಂದು ಮಧುರೈಯಲ್ಲಿ ಶಾಲೆಯ ಬೆಳಗಿನ ಉಪಾಹಾರ ಶುರುಮಾಡಿ, ಮರುವರ್ಷ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿಸಿತು. ಇಲ್ಲಿ ಸದ್ಯಕ್ಕೆ ಆ ಜಾಗದಲ್ಲಿರುವುದು ಒಂದು ಲೋಟ ಹಾಲು.

ಖಾಸಗಿ ಶಾಲೆಗಳಿಗೆ ಹಳದಿ ಬಸ್ಸಿನಲ್ಲಿ ಹೋಗುವ ಮಕ್ಕಳ ಡಬ್ಬಿಯ ಸಮಸ್ಯೆ ಬೇರೆ. ಅಲ್ಲಿ ಹಸಿವಿಲ್ಲ, ಆದರೆ ನೂಡಲ್ಸ್, ಜಾಮ್ ಬ್ರೆಡ್ಡು, ಕ್ರೀಮ್ ಬಿಸ್ಕತ್ತು ಇವೆ. ಅದೇ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಶಾಲಾ ವಯಸ್ಸಿನ ಹತ್ತರಲ್ಲಿ ಒಂದು ಮಗುವಿಗೆ ಮಧುಮೇಹದ ಮುನ್ಸೂಚನೆ ಇದೆ ಎಂದಿತ್ತು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸು ಮಾರಬಾರದೆಂದು ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಯಾವ ಶಾಲೆಯ ಮುಂದೆ ನಿಂತರೂ ಈ ನಿಯಮದ ಗತಿ ಕಣ್ಣಿಗೆ ಬೀಳುತ್ತದೆ. ಐದು ರೂಪಾಯಿಯ ಪ್ಯಾಕೆಟ್ಟುಗಳ ಮಾಲೆ ಈಗ ಸರ್ಕಾರಿ ಶಾಲೆಯ ಎದುರಿನ ಗೂಡಂಗಡಿಯಲ್ಲೂ ತೂಗುತ್ತಿದೆ. ಬಡವರ ಕೊರತೆ, ಉಳ್ಳವರ ಅತಿ ಎಂಬ ಹಳೆಯ ವಿಂಗಡಣೆ ಅಲ್ಲಿಗೆ ಕಲಸಿಹೋಗಿದೆ. ಮಧ್ಯಾಹ್ನ ಸರ್ಕಾರ ಆರು ರೂಪಾಯಿಯ ಮೊಟ್ಟೆ ಕೊಟ್ಟರೆ, ಸಂಜೆ ಅಪ್ಪನ ಐದು ರೂಪಾಯಿ ಪಾಮ್ ಎಣ್ಣೆಯಲ್ಲಿ ಕರಿದ ಹಿಟ್ಟಿಗೆ ಹೋಗುತ್ತದೆ.

ಮತ್ತೆ ಮೊಟ್ಟೆಯ ಹಣಕ್ಕೆ ಬಂದರೆ, 1,500 ಕೋಟಿಯನ್ನು ಮೂರು ವರ್ಷಕ್ಕೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳಿಗೆ ಹಂಚಿದರೆ ಮಗುವೊಂದಕ್ಕೆ ವರ್ಷಕ್ಕೆ 900 ರೂಪಾಯಿ ಚಿಲ್ಲರೆ ಬೀಳುತ್ತದೆ. ಆರು ರೂಪಾಯಿಯಂತೆ ಅದು 150 ಮೊಟ್ಟೆ, ಶಾಲೆ ನಡೆಯುವ ವಾರಗಳಲ್ಲಿ ನಾಲ್ಕು ದಿನಕ್ಕೆ ಸರಿಯಾಗಿ ಸಾಕಾಗುವಷ್ಟು. ಒಪ್ಪಂದದ ಅವಧಿ 2027ಕ್ಕೆ ಮುಗಿಯುತ್ತದೆ. ಆಮೇಲೆ ವಾರಕ್ಕೆ ನಾಲ್ಕು ಮೊಟ್ಟೆಗೆ ಬೇಕಾದ ವರ್ಷದ 500 ಕೋಟಿಯನ್ನು ಯಾರು ಕೊಡುತ್ತಾರೆ ಎಂಬುದಕ್ಕೆ ಬಜೆಟ್ಟಿನಲ್ಲಿ ಜಾಗ ಹುಡುಕುವ ಕೆಲಸ ಈಗಲೇ ಶುರುವಾಗಬೇಕು.